ನಾನು ಕೆಡವಿದ ಗೂಡ್ಸ್ ಗಾಡಿಗಳು

ನಾನು ಓಡಿಸಿದ ಮೊಟ್ಟಮೊದಲ ಗೂಡ್ಸ್ ಗಾಡಿಯನ್ನು ಬೇಕೆಂತಲೇ ಸೇತುವೆಯ ಮೇಲಿಂದ ಕೆಡವಿದೆ. ನೂರು ಡಬ್ಬಿ, ಎಲ್ಲದರಲ್ಲೂ ಕಲ್ಲಿದ್ದಲು. ತಿರುವಿನಲ್ಲಿ ಮೂವತ್ತು ಮೀರಬಾರದು ಅಂತ ಹಳಿಯ ಪಕ್ಕದಲ್ಲಿ ಹಳದಿ ಫಲಕ ನಿಲ್ಲಿಸಿದ್ದರು. ನಾನು ಎಪ್ಪತ್ತೆಂಟರಲ್ಲಿ ಹೋದೆ. ಎಂಜಿನ್ನು ವಾಲಿತು, ಕಂಬಿಗಳನ್ನು ಹರಿದುಕೊಂಡು ಕೆಳಗಿನ ಹೊಳೆಗೆ ಮೂತಿ ಹಾಕಿತು. ಹಿಂದಿನ ಡಬ್ಬಿಗಳು ಒಂದರ ಬೆನ್ನಿಗೊಂದು ಬಂದು ಬೀಳುತ್ತಲೇ ಇದ್ದವು. ಕೊನೆಯ ಡಬ್ಬಿ ಬೀಳುವ ತನಕ ನಾನು ಕಣ್ಣು ಮಿಟುಕಿಸಲಿಲ್ಲ.

ಇದೆಲ್ಲ ನಡೆದದ್ದು ಕಂಪ್ಯೂಟರಿನ ಪರದೆಯ ಮೇಲೆ, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ತಮ್ಮನ ಝೆರಾಕ್ಸ್ ಅಂಗಡಿಯಲ್ಲಿ, ಒಂದು ಮಧ್ಯಾಹ್ನ. ಆಗ ನನ್ನ ಎಡಗೈ ಅಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಬಲಗೈ ಒಂದೇ ಸಾಕಾಗುವ ಆಟ ಅದು.

ನಾನು ನೇಕಾರರ ಮನೆಯವಳು. ನಮ್ಮ ಓಣಿಯಲ್ಲಿ ಇನ್ನೂ ಎಂಟು-ಹತ್ತು ಮನೆಗಳಲ್ಲಿ ಕುಣಿಮಗ್ಗಗಳಿವೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಬಲಗೈಯಿಂದ ಲಾಳಿಯ ಹಗ್ಗ ಎಳೆಯಬೇಕು, ಎಡಗೈಯಿಂದ ಹಲಗೆ ಎಳೆದು ಎಳೆ ಬಡಿಯಬೇಕು. ಪಿಯುಸಿ ಮುಗಿಸಿ ಆ ಕುಣಿಗೆ ಇಳಿದವಳು ಇಪ್ಪತ್ತಮೂರನೆಯ ವಯಸ್ಸಿಗೆ ಎದ್ದು ನರಗುಂದಕ್ಕೆ ಮದುವೆಯಾಗಿ ಹೋದೆ. ಗಂಡನಿಗೆ ಸಾಮಾನು ಸಾಗಿಸುವ ಸ್ವಂತ ಟೆಂಪೋ ಇತ್ತು. ಗೋವಿನಜೋಳ, ಹೆಸರು, ಉಳ್ಳಾಗಡ್ಡಿ, ಸಿಮೆಂಟು, ಯಾವುದು ಸಿಕ್ಕರೂ ಹೇರುತ್ತಿದ್ದ. ಕುಡಿಯುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ಎಲ್ಲರೂ ಮೊದಲು ಕೇಳಿದ್ದು ಅದನ್ನೇ. "ಕುಡೀತಿದ್ನೇನವಾ?" ಇಲ್ಲ. ಚಹಾ ಬಿಟ್ಟರೆ ಅವನಿಗೆ ಬೇರೆ ಚಟವೇ ಇರಲಿಲ್ಲ. ಪೂರಾ ಎಚ್ಚರದಲ್ಲಿ ಹೊಡೆಯುತ್ತಿದ್ದ. ಹೊಡೆದು ಕೈತೊಳೆದು ಊಟಕ್ಕೆ ಕೂಡುತ್ತಿದ್ದ. ಆಗೆಲ್ಲ ನಾನು ಅವನನ್ನು 'ಅವರು' ಅನ್ನುತ್ತಿದ್ದೆ. ಈಗ ಬಾಯಿಗೆ ಬರುವುದಿಲ್ಲ.

ಅವನು ನನ್ನ ಕೈ ಮುರಿದದ್ದು ಮಲಪ್ರಭೆ ಏರಿ ಕೊಣ್ಣೂರಿನ ಸೇತುವೆ ಮುಳುಗಿದ ಒಂದು ಮಳೆಗಾಲದಲ್ಲಿ. ಉಳ್ಳಾಗಡ್ಡಿ ಹೇರಿಕೊಂಡು ಆಚೆ ದಂಡೆಯಲ್ಲಿ ಮೂರು ದಿನ ಸಿಕ್ಕಿಬಿದ್ದಿದ್ದ. ಫೋನು ಹತ್ತುತ್ತಿರಲಿಲ್ಲ. ಅದೇ ಹೊತ್ತಿಗೆ ಗಜೇಂದ್ರಗಡದಲ್ಲಿ ನನ್ನ ದೊಡ್ಡಪ್ಪನ ಮಗಳ ಕೂಸಿನ ತೊಟ್ಟಿಲ ಕಾರ್ಯಕ್ರಮವಿತ್ತು. ಅತ್ತೆಗೆ ಹೇಳಿ, ಮುಂಜಾನೆ ಹೋಗಿ ಸಂಜೆ ತಿರುಗಿ ಬಂದೆ. ಮರುದಿನ ನೀರು ಇಳಿಯಿತು, ಅವನೂ ಬಂದ. ಕೊಳೆತ ಉಳ್ಳಾಗಡ್ಡಿ ಚೀಲಗಳನ್ನು ಮನೆಯ ಮುಂದೆ ಇಳಿಸುತ್ತಿದ್ದ. ನಾನೂ ಒಂದು ತುದಿ ಹಿಡಿದಿದ್ದೆ. ಕೊಳೆತ ರಸ ಮೊಣಕೈತನಕ ಇಳಿಯುತ್ತಿತ್ತು.

"ಯಾರನ್ನ ಕೇಳಿ ಹೋಗಿದ್ದಿ?" ಅಂದ. ದನಿ ಏರಿಸಲಿಲ್ಲ.

"ಫೋನ್ ಹತ್ತಲಿಲ್ರಿ. ಅತ್ತಿಗೆ ಹೇಳಿ ಹೋಗಿದ್ದೆ."

ನನ್ನ ಎಡಗೈ ಟೆಂಪೋದ ಹಿಂದಿನ ಅಂಚಿನ ಮೇಲಿತ್ತು. ಇಳಿಬಿದ್ದಿದ್ದ ಕಬ್ಬಿಣದ ಹಲಗೆಯನ್ನು ಎರಡೂ ಕೈಯಿಂದ ಎತ್ತಿ ಆ ಕೈಯ ಮೇಲೆ ಬಡಿದ. ಚಿಲಕ ಹಾಕಲು ನೋಡಿದ. ನಡುವೆ ನನ್ನ ಮಣಿಕಟ್ಟು ಇದ್ದದ್ದರಿಂದ ಚಿಲಕ ಕೂಡಲಿಲ್ಲ. ಅದಕ್ಕೇ ಎರಡನೆಯ ಸಲ ಬಡಿದ. ಹಸಿ ಕಬ್ಬು ಮೊಣಕಾಲಿಗೆ ಕೊಟ್ಟು ಮುರಿದಾಗ ಬರುವಂಥ ಸದ್ದು ಬಂತು. ನನ್ನ ಚೀರು ಕೇಳಿ ಎದುರುಮನೆಯವರು ಬಾಗಿಲು ಹಾಕಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಅತ್ತೆ ಕಟ್ಟೆಯ ಮೇಲೆ ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದರು. ಎಲ್ಲ ನೋಡಿದರು. ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ಅವರೇ ಮುಂದೆ ಬಂದು, "ಬಚ್ಚಲದಾಗ ಜಾರಿ ಬಿದ್ಲ್ರಿ" ಅಂದರು. ಡಾಕ್ಟರು ನನ್ನ ಕಡೆ ತಿರುಗಿದರು. ನಾನೂ ಹೌದೆಂದು ತಲೆಯಾಡಿಸಿದೆ.

ಸುದ್ದಿ ಮುಟ್ಟಿದ ದಿನವೇ ತಮ್ಮ ಬಂದು ನನ್ನನ್ನು ಊರಿಗೆ ಕರೆದುಕೊಂಡು ಬಂದ. ಎಲುಬು ಸೊಟ್ಟಗೆ ಕೂಡಿತು. ಇಂದಿಗೂ ಆ ಕೈಯಿಂದ ಮಗ್ಗದ ಹಲಗೆ ಎಳೆಯಲು ಆಗುವುದಿಲ್ಲ. ಮೂರು ಎಳೆ ಬಡಿಯುವಷ್ಟರಲ್ಲಿ ಬೆರಳು ಮರಗಟ್ಟುತ್ತವೆ. ಅವ್ವ ನನ್ನ ಮಗ್ಗದ ಮೇಲೆ ಹಳೆಯ ಚಾದರ ಹೊದಿಸಿದಳು. ಅದರ ಮುಂದೆ ನಾನು ದಿನಗಟ್ಟಲೆ ಸುಮ್ಮನೆ ಕೂಡುತ್ತಿದ್ದುದನ್ನು ನೋಡಲಾಗದೆ ತಮ್ಮ, "ಅಕ್ಕಾ, ಅಂಗಡಿಗೆ ಬಾ. ಮಧ್ಯಾಹ್ನ ನಾ ಊಟಕ್ಕ ಬಂದಾಗ ಒಬ್ರು ಬೇಕು" ಅಂದ.

ಅಂಗಡಿಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಒಂದರಲ್ಲಿ ಹೊಲದ ಉತಾರ ಅಂದರೆ ಪಹಣಿ, ಅರ್ಜಿ, ಫೋಟೋದ ಕೆಲಸ. ಇನ್ನೊಂದನ್ನು ತಮ್ಮ ಗದಗಿನಲ್ಲಿ ಮುಚ್ಚಿಹೋದ ಒಂದು ಗೇಮ್ ಸೆಂಟರಿನಿಂದ ತಂದಿದ್ದ. ಅದರೊಳಗೆ ಹಳೆಯ ಆಟಗಳು ಹಾಗೆಯೇ ಉಳಿದಿದ್ದವು. ಬಂದೂಕಿನದು, ಕಾರಿನದು, ಮತ್ತೆ ಈ ರೈಲಿನದು. ನಮ್ಮೂರಿಗೆ ರೈಲಿಲ್ಲ. ಬರುತ್ತದೆ, ಬರುತ್ತದೆ ಅನ್ನುವುದನ್ನು ಮಾತ್ರ ಹುಟ್ಟಿದಾಗಿನಿಂದ ಕೇಳಿದ್ದೇನೆ. ಬಂದೂಕಿನ ಆಟಕ್ಕೆ ಎರಡು ಕೈ ಬೇಕಿತ್ತು. ಅದಕ್ಕೇ ರೈಲು ಒತ್ತಿದೆ.

ಅದರಲ್ಲಿ ಪ್ಯಾಸೆಂಜರ್ ಗಾಡಿಗಳೂ ಇದ್ದವು, ಆದರೆ ನಾನು ಮುಟ್ಟಿದ್ದು ಒಂದೇ ದಾರಿ: ಯಾವುದೋ ಪರದೇಶದ ಘಟ್ಟ. ಮೇಲೆ ಹಿಮ ಬೀಳುವ ಗಣಿಯಿಂದ ಕಲ್ಲಿದ್ದಲು ಹೇರಿಕೊಂಡು, ಒಂದು ಏರು ಹತ್ತಿ, ಸುರಂಗ ದಾಟಿ, ಉದ್ದಾನುದ್ದ ಇಳಿಜಾರು ಇಳಿದು, ಹೊಳೆಯ ದಂಡೆಗುಂಟ ಹೋಗಿ, ಕರೆಂಟು ತಯಾರಿಸುವ ಕಾರ್ಖಾನೆಗೆ ಮುಟ್ಟಿಸಬೇಕು. ಪೂರಾ ದಾರಿಗೆ ಎರಡೂವರೆ ತಾಸು. ಮೊದಲ ಎರಡು ತಿಂಗಳು ನಾನು ಒಮ್ಮೆಯೂ ಮುಟ್ಟಿಸಲಿಲ್ಲ. ಮುಟ್ಟಿಸುವುದು ನನಗೆ ಬೇಕಾಗಿಯೂ ಇರಲಿಲ್ಲ.

ಇಳಿಜಾರಿನ ತುದಿಗೆ ತಂದು ಬ್ರೇಕು ಬಿಡುತ್ತಿದ್ದೆ. ಅಷ್ಟು ಭಾರದ್ದು ತಾನಾಗಿ ಓಡತೊಡಗುತ್ತಿತ್ತು. ನಲವತ್ತು, ಐವತ್ತು, ಎಪ್ಪತ್ತು. ಎಂಜಿನ್ನು ನಡುಗುತ್ತಿತ್ತು, ಎಚ್ಚರಿಕೆಯ ಗಂಟೆ ಬಡಿದುಕೊಳ್ಳುತ್ತಿತ್ತು. ನಾನು ಹಾರ್ನಿನ ಮೇಲೆ ಬೆರಳಿಟ್ಟು ತೆಗೆಯುತ್ತಲೇ ಇರಲಿಲ್ಲ. ಆ ಹಳಿಯ ಮೇಲೆ ಮನಸ್ಸಿನಲ್ಲಿ ಅವನನ್ನು ನಿಲ್ಲಿಸುತ್ತಿದ್ದೆ. ಕೆಲವೊಮ್ಮೆ ಅವನ ಟೆಂಪೋವನ್ನು, ಬಾಗಿಲು ಹಾಕಿಕೊಂಡ ಎದುರುಮನೆಯನ್ನು, ಒಂದೆರಡು ಸಲ ಅತ್ತೆಯನ್ನೂ ನಿಲ್ಲಿಸಿದೆ. ಒಮ್ಮೆ ನಿಂತಿದ್ದ ಇನ್ನೊಂದು ಗೂಡ್ಸಿಗೆ ಎದುರಿನಿಂದ ಹಾಯಿಸಿದೆ. ಡಬ್ಬಿಗಳು ಆಕಾಶಕ್ಕೆ ಎದ್ದವು. ಆಟದಲ್ಲಿ ರಕ್ತವಿಲ್ಲ, ಹೆಣವಿಲ್ಲ. 'ಗಾಡಿ ಹಳಿ ತಪ್ಪಿದೆ' ಅಂತ ಇಂಗ್ಲಿಷಿನಲ್ಲಿ ಒಂದು ಕೆಂಪು ಸಾಲು ಬಂದು ಎಲ್ಲ ನಿಲ್ಲುತ್ತದೆ. ಆ ಸಾಲು ಕಂಡಾಗೆಲ್ಲ ನಗುತ್ತಿದ್ದೆ. ಆಟವನ್ನು ಸುರಂಗದ ಬಾಯಿಂದಲೇ ಶುರು ಮಾಡಲು ಬರುತ್ತಿತ್ತು, ಮತ್ತೆ ಅಲ್ಲಿಂದ ಶುರು ಮಾಡುತ್ತಿದ್ದೆ. ಮಧ್ಯಾಹ್ನಕ್ಕೆ ಐದಾರು ಗಾಡಿ ಕೆಡವಿ ಮನೆಗೆ ಹೋದರೆ ರೊಟ್ಟಿ ಚೆನ್ನಾಗಿ ಸೇರುತ್ತಿತ್ತು.

ತಮ್ಮ ಒಂದು ದಿನ ಬೇಗ ಬಂದವನು ಬೆನ್ನ ಹಿಂದೆ ನಿಂತು ನೋಡಿದ.

"ಅಕ್ಕಾ, ದಿನಾ ಕೆಡವತೀಯಲಾ. ಒಮ್ಮೆರ ಮುಟ್ಟಿಸಬಾರದೇನ?"

"ಮುಟ್ಟಿಸಿದ್ರ ಏನ ಸಿಗತೈತಿ?"

ಅವನು ನನ್ನ ಕೈಯನ್ನು ನೋಡಿ ಒಳಗೆ ಹೋದ.

ಆ ಚಳಿಗಾಲದಲ್ಲಿ ಸೊಲ್ಲಾಪುರಕ್ಕೆ ಹೊರಟ ಚಿಗವ್ವನನ್ನು ಬಿಟ್ಟುಬರಲು ರೋಣದಾಚೆಯ ಒಂದು ಸಣ್ಣ ಸ್ಟೇಶನ್ನಿಗೆ ಹೋಗಿದ್ದೆ. ಪ್ಲಾಸ್ಟರು ತೆಗೆದಾಗಿತ್ತು. ಚಿಗವ್ವನ ಗಾಡಿ ಬರಲು ಇನ್ನೂ ಹೊತ್ತಿತ್ತು. ಮೊದಲು ಒಂದು ಗೂಡ್ಸು ನಿಲ್ಲದೆ ಹಾದುಹೋಗುತ್ತದೆ ಅಂತ ಯಾರೋ ಹೇಳಿದರು. ಖರೇ ಗೂಡ್ಸನ್ನು ಹತ್ತಿರದಿಂದ ನೋಡಬೇಕೆಂದು ನಾನು ಪ್ಲಾಟ್‌ಫಾರ್ಮಿನ ಕೊನೆಯ ತುದಿಗೆ ನಡೆದೆ.

ಆಚೆ ಹೊಲದಿಂದ ಒಬ್ಬ ಕುರುಬ ಕುರಿ ದಾಟಿಸುತ್ತಿದ್ದ. ಮುಂದಿನವು ದಾಟಿದ್ದವು. ಗಾಡಿಯ ಕೂಗು ಕೇಳಿ ಹಿಂದಿನವು ಹಳಿಯ ನಡುವೆ ಗುಂಪುಗೂಡಿ ನಿಂತುಬಿಟ್ಟವು. ಅವನು ಕೋಲೆತ್ತಿ ಚೀರಿದಷ್ಟೂ ಒಂದಕ್ಕೊಂದು ಅಂಟಿಕೊಂಡವು. ಹಾರ್ನು ನಿಲ್ಲಲೇ ಇಲ್ಲ. ಬ್ರೇಕು ಹಾಕಿದ್ದು ನನಗೆ ಕೇಳಿಸಿತು. ಗಾಲಿಗಳಿಂದ ಕಿರುಚು ಎದ್ದಿತು, ಸುಟ್ಟ ಕಬ್ಬಿಣದ ವಾಸನೆ ಬಂತು. ಆದರೆ ಅಷ್ಟು ಭಾರದ್ದು ಅಷ್ಟರಲ್ಲಿ ಎಲ್ಲಿ ನಿಲ್ಲುತ್ತದೆ? ಕುರಿಗಳ ನಡುವೆ ಹಾಗೇ ಹೋಯಿತು. ಒದ್ದೆ ಅರಿವೆ ಕಲ್ಲಿಗೆ ಒಗೆದಂತೆ ಸದ್ದು, ಒಂದಾದ ಮೇಲೆ ಒಂದು. ಒಂದು ಕುರಿಯ ಅರ್ಧ ಭಾಗ ನಾನು ನಿಂತಲ್ಲಿಂದ ಹತ್ತು ಹೆಜ್ಜೆಗೆ ಬಂದು ಬಿತ್ತು. ಅದರ ಕಿವಿ ಇನ್ನೂ ಆಡುತ್ತಿತ್ತು.

ಗಾಡಿ ಬಹಳ ಮುಂದೆ ಹೋಗಿ ನಿಂತಿತು. ಕೊನೆಯ ಡಬ್ಬಿಯಲ್ಲಿದ್ದ ಗಾರ್ಡು ಹೊರಗೆ ಬಾಗಿ ಹಿಂದೆ ನೋಡುತ್ತಿದ್ದ. ತಲೆಯ ಮೇಲೆ ಕೈಯಿಟ್ಟುಕೊಂಡಿದ್ದ. ಕುರುಬ ಅಳಲಿಲ್ಲ. ಕಾಲು ಹೋಗಿ ಒದ್ದಾಡುತ್ತಿದ್ದ ಎರಡು ಕುರಿಗಳ ಹತ್ತಿರ ಹೋಗಿ, ಸೊಂಟದ ಕುಡುಗೋಲು ತೆಗೆದು ಒಂದೊಂದರ ಕುತ್ತಿಗೆ ಕೊಯ್ದ. ಆಮೇಲೆ ಕುಡುಗೋಲನ್ನು ಹುಲ್ಲಿಗೆ ಒರೆಸಿ, ಅಲ್ಲೇ ಕಲ್ಲಿನ ಮೇಲೆ ಕೂತು ತನ್ನ ಹಣೆಯನ್ನು ಮುಷ್ಟಿಯಿಂದ ಗುದ್ದಿಕೊಳ್ಳತೊಡಗಿದ. ಚಿಗವ್ವ ಬಂದು ನನ್ನನ್ನು ಎಳೆದುಕೊಂಡು ಹೋದಳು.

ಆ ಕುರಿಗಳನ್ನು ನೋಡಿ ನನ್ನ ಮನಸ್ಸು ಬದಲಾಯಿತು ಅಂದರೆ ಸುಳ್ಳಾಗುತ್ತದೆ. ಮರುದಿನವೂ ಅಂಗಡಿಗೆ ಬಂದು ಗಾಡಿಯನ್ನು ಇಳಿಜಾರಿಗೆ ತಂದು ಬಿಟ್ಟೆ. ಆದರೆ ಅಂದು ಕೆಂಪು ಸಾಲು ಬಂದಾಗ ನಗು ಬರಲಿಲ್ಲ. ಏನೋ ಖೊಟ್ಟಿ ಅನ್ನಿಸಿತು. ಹೀಗೆ ರಕ್ತವಿಲ್ಲದೆ, ವಾಸನೆಯಿಲ್ಲದೆ ಯಾವುದೂ ಒಡೆಯುವುದಿಲ್ಲ ಅನ್ನಿಸಿತು. ಎರಡು ದಿನ ಬಿಟ್ಟು, ಬೇರೇನೂ ಮಾಡಲು ತೋಚದೆ, ಗಾಡಿಯನ್ನು ನಿಲ್ಲಿಸಲು ಬರುತ್ತದೋ ನೋಡೋಣ ಅಂದುಕೊಂಡೆ.

ಬರಲಿಲ್ಲ. ಅಲ್ಲಿಂದಲೇ ನಿಜವಾದ ಆಟ ಶುರುವಾಯಿತು.

ಗಣಿಯಿಂದ ಹೊರಡುವಾಗಲೇ ಕಷ್ಟ. ಜೋರಾಗಿ ಎಳೆದರೆ ಡಬ್ಬಿಗಳ ನಡುವಿನ ಕೊಂಡಿ ಕಿತ್ತುಹೋಗುತ್ತದೆ. ಒಂದೇ ಒಂದು ಹಂತ ಶಕ್ತಿ ಕೊಟ್ಟು ಕಾಯಬೇಕು. ಮೊದಲ ಡಬ್ಬಿ ಅಲುಗಿ, ಎರಡನೆಯದನ್ನು ಎಳೆದು, ಅದು ಮೂರನೆಯದನ್ನು ಎಳೆದು, ಟಕ್ ಟಕ್ ಟಕ್ ಅಂತ ಆ ಸದ್ದು ಹಿಂದೆ ಹಿಂದೆ ಓಡಿ ನೂರನೆಯ ಡಬ್ಬಿಗೆ ಮುಟ್ಟಿದ ಮೇಲೆಯೇ ಎರಡನೆಯ ಹಂತ. ಏರಿನಲ್ಲಿ ಮನುಷ್ಯರು ನಡೆಯುವಷ್ಟು ಮೆಲ್ಲಗೆ ಹೋಗುತ್ತದೆ. ಎಂಜಿನ್ನುಗಳು ಹೂಂಕರಿಸುತ್ತವೆ, ಗಾಜಿನ ಮೇಲೆ ಹಿಮ ಬಂದು ಬಂದು ಕರಗುತ್ತದೆ. ಹಿಮವನ್ನು ನಾನು ಬೇರೆಲ್ಲೂ ನೋಡಿದವಳಲ್ಲ. ಹೊರಗೆ ಗಜೇಂದ್ರಗಡದ ಬಿಸಿಲು ಶಟರಿನ ಮೇಲೆ ಬಡಿಯುತ್ತಿರುವಾಗ ನಾನು ಆ ಬಿಳಿ ಬೆಟ್ಟದ ಮೇಲಿರುತ್ತಿದ್ದೆ.

ಸುರಂಗದಿಂದ ಹೊರಬಿದ್ದ ಮೇಲೆ ಇಳಿಜಾರು. ಮುಂದಿನ ಎಂಜಿನ್ನು ಇಳಿಯತೊಡಗಿದಾಗ ಬಾಲ ಇನ್ನೂ ಏರುತ್ತಿರುತ್ತದೆ. ಆಗಲೇ ಎಂಜಿನ್ನಿನ ಬ್ರೇಕು ಹಾಕಿ, ಅದರ ಮೇಲೆ ಡಬ್ಬಿಗಳ ಗಾಳಿಯ ಬ್ರೇಕು ಚೂರೇ ಚೂರು ಹಾಕಿ, ಹಾಗೇ ಇಟ್ಟುಕೊಂಡು ಇಳಿಯಬೇಕು. ಗಾಡಿ ಮೆಲ್ಲಗಾಯಿತೆಂದು ಬಿಟ್ಟು, ಜೋರಾಯಿತೆಂದು ಹಾಕಿ, ಮತ್ತೆ ಬಿಟ್ಟು ಹಾಕಿ ಮಾಡಿದರೆ ಪೈಪಿನೊಳಗಿನ ಗಾಳಿ ತೀರುತ್ತದೆ. ಗಾಳಿ ತೀರಿದ ಮೇಲೆ ಹಿಡಿಕೆ ಎಷ್ಟು ಎಳೆದರೂ ಗಾಡಿ ಕೇಳುವುದಿಲ್ಲ. ಇದು ತಿಳಿಯದೆ ನಾನು ಮೂರು ವಾರ ಮನಸ್ಸಿಲ್ಲದೆಯೇ ಗಾಡಿ ಕೆಡವಿದೆ. ಕೆಡವಬಾರದೆಂದು ಒದ್ದಾಡಿ ಕೆಡವುವಾಗ ಬರುವ ಸಿಟ್ಟು ಬೇರೆಯೇ. ಒಮ್ಮೆ ಮೌಸನ್ನು ಗೋಡೆಗೆ ಒಗೆದು ಒಡೆದೆ.

ಕೊನೆಗೊಂದು ದಿನ ಗಾಡಿ ಇಳಿಯಿತು. ಇಪ್ಪತ್ತೈದಕ್ಕೆ ಹಿಡಿದದ್ದು ಇಪ್ಪತ್ತೈದರಲ್ಲೇ ನಿಂತಿತ್ತು. ನನ್ನ ಮೊದಲ ಗಾಡಿ ಬಿದ್ದ ಆ ಸೇತುವೆಯ ಮೇಲೆ ನೂರೂ ಡಬ್ಬಿಗಳು ಸರತಿಯಲ್ಲಿ ದಾಟಿದವು. ಹೊಳೆಯ ದಂಡೆಗೆ ಬಂದಾಗ ಆಟದೊಳಗೆ ಸಂಜೆಯಾಗಿತ್ತು. ಕಾರ್ಖಾನೆಯ ಅಂಗಳದಲ್ಲಿ ಹತ್ತರ ವೇಗಕ್ಕೆ ಇಳಿಸಿ, ಗುರುತು ಮಾಡಿದ ಜಾಗಕ್ಕೆ ತಂದು ನಿಲ್ಲಿಸಿದೆ. ಕಾಲು ಜೋಮು ಹಿಡಿದಿದ್ದವು. ಅಂಗಡಿಯಿಂದ ಹೊರಗೆ ಬಂದು, ಪಕ್ಕದ ತಾಡಪತ್ರಿ-ಹಗ್ಗದ ಅಂಗಡಿಯ ಚಾಚಾನಿಗೆ ಹೇಳಿಯೇಬಿಟ್ಟೆ.

"ಚಾಚಾ, ಗಾಡಿ ಮುಟ್ಟಿತು!"

ಚಾಚಾ ನಮ್ಮಪ್ಪನ ವಾರಿಗೆಯವರು. ಹಗ್ಗ ಸುತ್ತುವುದನ್ನು ಬಿಟ್ಟು, "ಯಾವ ಗಾಡಿ ಬೇಟಿ? ಗದಗಿಂದಾ?" ಅಂದರು. ನಾನು ಬಿದ್ದು ಬಿದ್ದು ನಕ್ಕೆ. ಮದುವೆಯಾದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಅದಾದ ಮೇಲೆ ದಿನವೂ ಒಂದು ಗಾಡಿ. ಗಿರಾಕಿ ಬಂದರೆ ಆಟವನ್ನು ಇದ್ದಲ್ಲೇ ನಿಲ್ಲಿಸಿ ಕೆಲಸ ಮಾಡಿಕೊಟ್ಟು ಮತ್ತೆ ಬಂದು ಕೂಡುತ್ತಿದ್ದೆ. ನಾನು ತವರಿಗೆ ಬಂದು ಒಂದು ವರ್ಷದ ಮೇಲಾಗಿತ್ತು. ನರಗುಂದದಿಂದ ಎರಡು ಸಲ ಹೇಳಿಕಳಿಸಿದ್ದರು. ನಾನು ಬರುವುದಿಲ್ಲವೆಂದು ಹೇಳಿದ್ದೆ.

ಅವನು ಬಂದದ್ದು ಒಂದು ಮಂಗಳವಾರ, ತಮ್ಮ ಊಟಕ್ಕೆ ಹೋಗಿದ್ದ ಹೊತ್ತಿಗೆ. ಗೊತ್ತುಮಾಡಿಕೊಂಡೇ ಬಂದಿದ್ದ. ನನ್ನ ಗಾಡಿ ಆಗತಾನೇ ಸುರಂಗದಿಂದ ಹೊರಬಿದ್ದಿತ್ತು.

"ಏಳು. ಹೊರಗ ಟೆಂಪೋ ನಿಂತತಿ" ಅಂದ.

"ನಾ ಬರಂಗಿಲ್ರಿ."

"ನಿನ್ನ ಕೇಳಾಕ ಬಂದಿಲ್ಲ. ಕರಕೊಂಡ ಹೋಗಾಕ ಬಂದೀನಿ." ಪರದೆಯ ಕಡೆ ನೋಡಿದ. "ಇದೇನ?"

ನಾನು ಕುರ್ಚಿ ಹಿಂದೆ ಸರಿಸಿದೆ.

"ಕೈ ಹೋಗೇತಿ ಅಂತ ಊರತುಂಬ ಸಾರಿ ಬಂದೀ. ಆಟಾ ಆಡಾಕ ಕೈ ಅದಾವಲಾ?"

ನಾನು ಎದ್ದು ಮೇಜಿನ ಆಚೆ ಹೋಗಬೇಕೆನ್ನುವಷ್ಟರಲ್ಲಿ ಹೆರಳು ಹಿಡಿದು ಮುಖವನ್ನು ಮೇಜಿಗೆ ಬಡಿದ. ಕೀಬೋರ್ಡಿನ ಅಂಚು ಹುಬ್ಬಿಗೆ ತಾಗಿ ಹರಿಯಿತು. ಕಣ್ಣೊಳಗೆ ರಕ್ತ ಇಳಿಯಿತು. ಕಾಲಿನಿಂದ ಕೆಳಗಿದ್ದ ಕಂಪ್ಯೂಟರಿನ ಡಬ್ಬಿಯನ್ನು ಒದ್ದ. ಪರದೆ ಕಪ್ಪಾಯಿತು. ಇನ್ನೊಮ್ಮೆ ತಲೆಯನ್ನು ಮೇಜಿಗೆ ಬಡಿದ. ಆಗ ನನ್ನ ಬಲಗೈಗೆ ಸಿಕ್ಕದ್ದು ದಪ್ಪ ಫೈಲುಗಳಿಗೆ ಪಿನ್ನು ಹೊಡೆಯುವ ದೊಡ್ಡ ಸ್ಟೇಪ್ಲರು. ಎರಡು ಗೇಣು ಉದ್ದ, ಗಟ್ಟಿ ಕಬ್ಬಿಣ. ನೋಡದೆಯೇ ಹಿಂದಕ್ಕೆ ಬೀಸಿದೆ. ಅದು ಅವನ ಬಾಯಿಗೆ ಬಿತ್ತು.

ಹೆರಳು ಬಿಟ್ಟ. ಹಿಂದೆ ಸರಿಯುವಾಗ ಹಾಳೆಯ ಕಟ್ಟಿಗೆ ಎಡವಿ ಝೆರಾಕ್ಸ್ ಮಶೀನಿಗೂ ಗೋಡೆಗೂ ನಡುವೆ ಬಿದ್ದ. ಬಾಗಿಲು ನನ್ನ ಬೆನ್ನ ಹಿಂದೆಯೇ ತೆರೆದಿತ್ತು. ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ. ಅವನ ಮೇಲೆ ಬಾಗಿ ಹೊಡೆದೆ. ಕಿವಿಗೆ ಹೊಡೆದೆ, ಹೆಗಲಿಗೆ ಹೊಡೆದೆ, ಮುಖ ಮುಚ್ಚಿಕೊಂಡ ಕೈಗಳ ಮೇಲೆ ಹೊಡೆದೆ. ಬೆರಳ ಎಲುಬು ಮುರಿದ ಸದ್ದು ಕೇಳಿತು. ಆ ಸದ್ದು ನನಗೆ ಗೊತ್ತಿತ್ತು. ಖುಷಿಯಾಯಿತು. ಇದನ್ನು ಪೊಲೀಸರಿಗೆ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ. ಅವನು "ಯವ್ವಾ" ಅಂತ ಚೀರಿದ. ಮತ್ತೊಮ್ಮೆ ಹೊಡೆದೆ.

ಓಡಿಬಂದ ಚಾಚಾ ಹಿಂದಿನಿಂದ ನನ್ನನ್ನು ಹಿಡಿದರು. ಅವರ ಕೈಗೆ ಸಿಕ್ಕಿದ್ದು ನನ್ನ ಸೊಟ್ಟ ಮಣಿಕಟ್ಟು. ನೋವಿಗೆ ಕಣ್ಣು ಕತ್ತಲಾಗಿ ಸ್ಟೇಪ್ಲರು ಕೆಳಗೆ ಬಿತ್ತು.

"ಬಸ್ ಬೇಟಿ, ಬಸ್! ಸಾಯ್ತಾನವ. ಸತ್ರ ನೀ ಜೇಲಿಗೆ ಹೋಗತಿ!"

ನನ್ನನ್ನು ಬಾಗಿಲ ಹೊರಗೆ ಕೂಡಿಸಿ, ಒಳಗೆ ಹೋಗಿ ಚಾಚಾ ತಮ್ಮದೇ ಹೆಗಲ ಮೇಲಿನ ಅರಿವೆಯನ್ನು ಅವನ ಬಾಯಿಗೆ ಒತ್ತಿ ಹಿಡಿದರು. ಬಸ್‌ಸ್ಟ್ಯಾಂಡಿನ ಜನ ಎಲ್ಲ ಕೂಡಿದರು.

ದವಾಖಾನೆಯಲ್ಲಿ ನನ್ನ ಹುಬ್ಬಿಗೆ ಆರು ಹೊಲಿಗೆ ಹಾಕಿದರು. ಅರಿವೆಯ ಪರದೆಯ ಆಚೆ ಅವನ ನರಳಾಟ ಕೇಳುತ್ತಿತ್ತು. ಮೂರು ಹಲ್ಲು ಹೋಗಿದ್ದವು, ಹೆಗಲ ಎಲುಬು ಬಿರಿದಿತ್ತು, ಎರಡು ಬೆರಳು ಮುರಿದಿದ್ದವು. ನನಗೆ ವಾಂತಿಯಾಯಿತು. ಪೊಲೀಸರು ಎರಡೂ ಕಡೆಯ ದೂರು ಬರೆದುಕೊಂಡರು. ಅವನು ಬದುಕಿದ್ದು ಚಾಚಾನ ದೆಸೆಯಿಂದ. ನಾನು ಹೊರಗೆ ಉಳಿದದ್ದೂ ಅವರ ದೆಸೆಯಿಂದಲೇ. ಮೊದಲು ಹೊಡೆದವನು ಅವನೇ ಎಂದು ಚಾಚಾ ಠಾಣೆಯಲ್ಲಿ ನಿಂತು ಹೇಳಿದರು. ತೆರೆದ ಬಾಗಿಲಿನ ಮಾತನ್ನು ಅವರು ಎತ್ತಲಿಲ್ಲ.

ಆಮೇಲಿನ ದಿನಗಳು ನನಗೆ ಬೇಡವಾಗಿದ್ದವು. ತಮ್ಮನ ಹೆಂಡತಿ ಒಳ್ಳೆಯವಳು. ಆದರೂ ನಾನು ಅಡಿಗೆಮನೆಗೆ ಹೋದರೆ ಈಳಿಗೆಯನ್ನು ತನ್ನ ಕಡೆ ಸರಿಸಿಕೊಳ್ಳುತ್ತಿದ್ದಳು. "ಕೊಡ್ರಿ, ನಾ ಹೆಚ್ಚತೇನಿ" ಅನ್ನುತ್ತಿದ್ದಳು. ಅವಳ ತಪ್ಪಿಲ್ಲ. ನನಗೇ ನನ್ನ ಕೈಯ ಅಂಜಿಕೆಯಿತ್ತು. ಹಾದಿಯಲ್ಲಿ ಯಾರಾದರೂ ಗಂಡಸು ಮೈತಾಗಿ ಹೋದರೆ ಬೆರಳುಗಳು ತಾವಾಗಿ ಮುಷ್ಟಿಯಾಗುತ್ತಿದ್ದವು.

ಎರಡು ತಿಂಗಳಿಗೆ ನಮ್ಮ ಸಮಾಜದ ಹಿರಿಯರು ರೋಣದಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯವರನ್ನು ಕೂಡಿಸಿದರು. ಅವನು ಬಾಯಿಗೆ ಅರಿವೆ ಹಿಡಿದುಕೊಂಡು ಕೂತಿದ್ದ. ಅವನ ಕಡೆಯವರು, "ಹೆಣ್ಣು ಹಿಂಗ ಕೈ ಎತ್ತಿದ್ರ ಸಂಸಾರ ಹ್ಯಾಂಗ ಆಗತೈತ್ರಿ? ತಪ್ಪಾತು ಅನ್ನಲಿ, ಕರಕೊಂಡ ಹೋಗತೀವಿ" ಅಂದರು. ಹಿರಿಯರಲ್ಲಿ ಒಬ್ಬರು ನನ್ನ ಕೈಯ ಮಾತು ತೆಗೆದರು. ಅವನು, "ಅದು ಬಚ್ಚಲದಾಗ ಬಿದ್ದಿದ್ದ್ರಿ. ನಮ್ಮವ್ವನ್ನ ಕೇಳ್ರಿ" ಅಂದ.

ಎಲ್ಲರೂ ಅತ್ತೆಯ ಕಡೆ ನೋಡಿದರು. ಅವರು ಕಂಬಕ್ಕೆ ಆತು, ಸೆರಗು ಹೊದ್ದು ಕೂತಿದ್ದರು.

"ಬಚ್ಚಲದಾಗ ಬಿದ್ದಿಲ್ರಿ" ಅಂದರು. "ಇವನ ಮುರದಾನ. ಟೆಂಪೋದ ಹಲಗಿ ಎರಡ ಸರ್ತಿ ಬಡದ ಮುರದಾನ. ನಾ ಕಟ್ಟಿ ಮ್ಯಾಲ ಕುಂತ ನೋಡೇನ್ರಿ. ಡಾಕ್ಟರ ಮುಂದ ಸುಳ್ಳ ಹೇಳಿದೆ."

ಅವನು ತನ್ನ ಮುಂದಿದ್ದ ನೀರಿನ ಹಿತ್ತಾಳೆ ತಂಬಿಗೆಯನ್ನು ಎತ್ತಿ ಸೀದಾ ತಾಯಿಯ ಮೇಲೆ ಒಗೆದ. ಅದು ಅವರ ಹೆಗಲಿಗೆ ಬಡಿದು ಗೋಡೆಗೆ ಹೋಗಿ ಬಿತ್ತು. ಪಡಸಾಲೆಯ ತುಂಬ ನೀರು. ಅವನು ಎದ್ದು ಅವರ ಕಡೆ ನುಗ್ಗಿದಾಗ ನಾಲ್ಕು ಜನ ಹಿಡಿದು ಕೆಡವಬೇಕಾಯಿತು. ಕೆಳಗೆ ಬಿದ್ದವನು ಹಲ್ಲಿಲ್ಲದ ಬಾಯಿಂದ ತಾಯಿಗೆ ಅನ್ನಬಾರದ ಮಾತು ಅಂದ. ಅತ್ತೆ ಹೆಗಲು ಒತ್ತಿಕೊಂಡು, ಸಮಾಧಾನದಿಂದಲೇ, "ನೋಡಿದ್ರಲ್ರಿ" ಅಂದರು.

ಆಮೇಲೆ ನನಗೆ ಯಾರೂ 'ತಪ್ಪಾಯಿತು ಅನ್ನು' ಎನ್ನಲಿಲ್ಲ. ಎರಡೂ ಕಡೆಯವರು ದೂರು ಹಿಂದೆ ತೆಗೆದುಕೊಂಡೆವು. ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬೇರೆಯಾದೆವು. ಅತ್ತೆ ಮಗನ ಮನೆಗೆ ತಿರುಗಿ ಹೋಗಲಿಲ್ಲ. ಇಟಗಿಯಲ್ಲಿರುವ ಮಗಳ ಹತ್ತಿರ ಇದ್ದಾರೆ. ಭೀಮಾಂಬಿಕೆಯ ಗುಡಿಗೆ ಹೋದಾಗ ಅವರ ಬಾಗಿಲಿಗೂ ಹೋಗಿ ಬರುತ್ತೇನೆ. ಚಹಾ ಕೊಡುತ್ತಾರೆ. ಹೆಚ್ಚು ಮಾತಾಡುವುದಿಲ್ಲ. ನಾನೂ ಅವರನ್ನು ಪೂರಾ ಕ್ಷಮಿಸಿಲ್ಲ. ಅದು ಅವರಿಗೂ ಗೊತ್ತು.

ಒದೆತ ತಿಂದ ಕಂಪ್ಯೂಟರಿನ ಹಾರ್ಡ್ ಡಿಸ್ಕು ಉಳಿದಿತ್ತು. ತಮ್ಮ ಅದನ್ನು ಬೇರೊಂದು ಡಬ್ಬಿಗೆ ಹಾಕಿಸಿಕೊಂಡು ಬಂದ. "ನಿನ್ನ ಗಾಡಿ ಐತಿ ನೋಡು" ಅಂದ. ನಾನು ಬಹಳ ದಿನ ಅದನ್ನು ಮುಟ್ಟಲಿಲ್ಲ. ಮುಟ್ಟಿದ ಮೊದಲ ದಿನ ಬ್ರೇಕು ಬಿಟ್ಟು ಕೆಡವಿದೆ. ಎರಡನೆಯ ದಿನ ಮುಟ್ಟಿಸಿದೆ. ಈಗಲೂ ಹಾಗೇ. ಬಹುಪಾಲು ಮುಟ್ಟಿಸುತ್ತೇನೆ. ಕೆಲವು ದಿನ ಮೈಯೊಳಗೆ ಆ ಮಂಗಳವಾರ ಏಳುತ್ತದೆ. ಅಂದು ಸೇತುವೆಯ ಕೆಳಗಿನ ಹೊಳೆ ಕಲ್ಲಿದ್ದಲಿನಿಂದ ತುಂಬುತ್ತದೆ. ಕೆಡವಿದ ಮೇಲೆ ಎದ್ದು ನೀರು ಕುಡಿದು ಬರುತ್ತೇನೆ.

ಮೊನ್ನೆ ಮಧ್ಯಾಹ್ನ ಲಕ್ಕಲಕಟ್ಟಿಯಿಂದ ಒಬ್ಬ ಮುದುಕ ರೈತ ಬಂದ. ತಲೆಗೆ ಬ್ಯಾಂಡೇಜು, ಅಂಗಿಯ ಕಾಲರಿನ ಮೇಲೆ ಒಣಗಿದ ರಕ್ತ. ಹೊಲದ ಬದುವಿನ ಜಗಳದಲ್ಲಿ ಖಾಸಾ ತಮ್ಮ ಸಲಿಕೆಯ ಹಿಡಿಕೆಯಿಂದ ಹೊಡೆದಿದ್ದನಂತೆ. ಠಾಣೆಗೆ ಕೊಡಲು ಉತಾರ ಬೇಕಾಗಿತ್ತು.

"ಲಗೂ ತಗೀ ತಂಗಿ. ಅವನ್ನ ಒಳಗ ಹಾಕಸತೇನಿ."

"ಸರ್ವರ್ ಬಂದಿಲ್ರಿ ಕಾಕಾ. ಹೊತ್ತ ಆಗತೈತಿ, ಕೂಡ್ರಿ."

ಬೈದುಕೊಳ್ಳುತ್ತ ಕೂತ. ನಾನು ಇತ್ತ ಇಳಿಜಾರಿನಲ್ಲಿ ನಿಲ್ಲಿಸಿದ್ದ ಗಾಡಿಯನ್ನು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಅವನ ಬೈಗುಳ ನಿಂತಿತು. ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಏನ ಹೇರೀದಿ?"

"ಕಲ್ಲಿದ್ದಲ್ರಿ."

"ಭಾಳ ಇಳಕಲ ಐತಲಾ. ಹಿಡಿ, ಹಿಡಿ. ಎಲ್ಲಾ ಒಮ್ಮೆಲೆ ಬಿಡಬ್ಯಾಡ!" ಅಂತ ಅವನು ನನ್ನ ಮೇಜಿನ ಅಂಚನ್ನೇ ಗಟ್ಟಿಯಾಗಿ ಹಿಡಿದುಕೊಂಡ. ತಿರುವು ಬಂದಾಗ ಅವನೂ ನನ್ನ ಜೊತೆ ಮೈ ವಾಲಿಸಿದ. ಸರ್ವರ್ ಬಂದಾಗ ನಾನು ಏಳಹೋದರೆ, "ಇರಲಿ, ಮೊದಲ ಅದನ್ನ ನಿಲ್ಸು" ಅಂದ. ಮುಕ್ಕಾಲು ತಾಸು ಹಾಗೇ ಕೂತ. ಗಾಡಿ ಕಾರ್ಖಾನೆಯ ಅಂಗಳಕ್ಕೆ ಬಂದು, ಡಬ್ಬಿಗಳು ಒಂದಕ್ಕೊಂದು ತಾಗಿ ಸುಮ್ಮನಾದವು. ಮುದುಕ ಉಸಿರು ಬಿಟ್ಟು, ಬ್ಯಾಂಡೇಜಿನ ಮೇಲೆ ಕೈಯಾಡಿಸಿಕೊಂಡ.

"ನಿಂತ್ತು. ಇನ್ನ ನನ್ನ ಉತಾರ ತಗೀ" ಅಂದ.